ಅಂಗಡಿ ಮುಂದಿನ ಆರಡಿ ಜಾಗ

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಯ ಅಂಗಡಿ ಮಾಲೀಕರಿಗೊಂದು ಬಹಿರಂಗ ಪತ್ರ

ಒಕಾಜಾಕಿ, ಜಪಾನ್

ಅಣ್ಣಂದಿರೇ, ಮಾಮಂದಿರೇ, ಶೇಟುಗಳೇ,

ನಾನು ನಿಮ್ಮ ಪೇಟೆಯ ಹುಡುಗಿ. ಅವೆನ್ಯೂ ರಸ್ತೆಯಲ್ಲಿ ಅಪ್ಪನದು ಕಾಗದ, ನೋಟ್‌ಬುಕ್ಕು, ಲೆಕ್ಕದ ಪುಸ್ತಕಗಳ ಅಂಗಡಿ. ಈಗ ತಮ್ಮ ನೋಡಿಕೊಳ್ಳುತ್ತಾನೆ. ಜೂನ್ ಬಂತೆಂದರೆ ಶಾಲೆ ಪುಸ್ತಕದ ಕಟ್ಟುಗಳಿಗೆ ಹುರಿ ಬಿಗಿಯುತ್ತ ನಾನೂ ಗಲ್ಲಾ ಪಕ್ಕ ನಿಂತವಳೇ. ಹಾಗಾಗಿ ಇದನ್ನು ಪರದೇಶದಲ್ಲಿ ಕೂತವಳ ಉಪದೇಶ ಅಂದುಕೊಳ್ಳಬೇಡಿ. ಗಲ್ಲಾದ ಈ ಬದಿಯಿಂದಲೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಅಪ್ಪನ ಬಜಾಜ್ ಚೇತಕ್ ಬೆಳಿಗ್ಗೆ ಒಂಬತ್ತೂವರೆಗೆ ಅಂಗಡಿ ಮುಂದೆ ನಿಂತರೆ ರಾತ್ರಿ ಶಟರ್ ಎಳೆಯುವ ತನಕ ಅಲ್ಲಾಡುತ್ತಿರಲಿಲ್ಲ. ಅದರ ಪಕ್ಕ ಕಾಲು ಮುರಿದ ಕಬ್ಬಿಣದ ಸ್ಟೂಲು, ಸ್ಟೂಲಿನ ಮೇಲೊಂದು ಇಟ್ಟಿಗೆ. ಅದು ಮಾಲಿನ ಗಾಡಿಗೆ ಹಿಡಿದಿಟ್ಟ ಜಾಗ ಅನ್ನುತ್ತಿದ್ದರು ಅಪ್ಪ. ಮಾಲು ಬರುತ್ತಿದ್ದುದು ವಾರಕ್ಕೆ ಎರಡು ಸಲ. ಮಿಕ್ಕ ಹೊತ್ತೆಲ್ಲ ಸ್ಟೂಲು ತನ್ನ ಪಾಡಿಗೆ ತಾನು ರಸ್ತೆಯ ಒಂದು ತುಂಡನ್ನು ಕಾದುಕೊಂಡು ಕೂತಿರುತ್ತಿತ್ತು. ಗಿರಾಕಿಗಳು ಮಾತ್ರ ಮೈಸೂರು ಬ್ಯಾಂಕ್ ಸರ್ಕಲ್ ಆಚೆ ಎಲ್ಲೋ ಗಾಡಿ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಬಂದು, "ಒಂದು ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಕಣ್ರೀ ಈ ಪೇಟೆಲಿ" ಅನ್ನೋರು. ಅಪ್ಪ ತಲೆ ಅಲ್ಲಾಡಿಸಿ, "ಸರ್ಕಾರಕ್ಕೆ ಬುದ್ಧಿ ಇಲ್ಲ ಸ್ವಾಮಿ" ಅನ್ನೋರು. ಇಬ್ಬರೂ ಕೂಡಿ ಸರ್ಕಾರವನ್ನು ಬೈದಾದ ಮೇಲೆ ವ್ಯಾಪಾರ ಶುರುವಾಗೋದು.

ಈಗ ಸ್ಮಾರ್ಟ್ ಪಾರ್ಕಿಂಗ್ ಅನ್ನುತ್ತಾರಲ್ಲ, ಅಂಥ ವ್ಯವಸ್ಥೆ ನಮ್ಮಲ್ಲೂ ಇತ್ತು, ನೆನಪಿದೆಯಾ? ಟೋಯಿಂಗ್ ಗಾಡಿ ಮೈಕಿನಲ್ಲಿ ನಂಬರ್ ಕೂಗುತ್ತ ರಸ್ತೆಯ ತುದಿಯಲ್ಲಿ ಕಾಣುವಷ್ಟರಲ್ಲಿ ಟೀ ಹುಡುಗ ಒಂದು ಸಿಳ್ಳೆ ಹಾಕೋನು. ಆ ಸಿಳ್ಳೆ ಅಂಗಡಿಯಿಂದ ಅಂಗಡಿಗೆ ದಾಟಿ ಅರ್ಧ ನಿಮಿಷದಲ್ಲಿ ಇಡೀ ಸಾಲಿನ ಸ್ಕೂಟರ್‌ಗಳು ಓಣಿಯೊಳಗೆ ಮಾಯ. ಯಾವ ಸೆನ್ಸರೂ ಆ ವೇಗಕ್ಕೆ ಸಾಟಿಯಲ್ಲ. 2022ರ ಆರಂಭದಲ್ಲಿ ಟೋಯಿಂಗ್ ನಿಂತಾಗ ಆ ಸಿಳ್ಳೆಗೂ ಕೆಲಸ ಹೋಯಿತು.

ಈಗ ನಾನಿರುವ ಊರಿನ ವಿಷಯ. ಒಕಾಜಾಕಿ ಐಚಿ ಪ್ರಾಂತದಲ್ಲಿದೆ. ಜಪಾನನ್ನು ಎರಡೂವರೆ ಶತಮಾನ ಆಳಿದ ತೊಕುಗಾವಾ ಮನೆತನದ ಮೂಲಪುರುಷ ಇಯೆಯಾಸು 1543ರಲ್ಲಿ ಇಲ್ಲಿನ ಕೋಟೆಯಲ್ಲಿ ಹುಟ್ಟಿದ. ಕೋಟೆಯ ಸುತ್ತಲಿನ ಊರು ಪಕ್ಕಾ ನಮ್ಮ ಪೇಟೆಯ ಜಾತಿಯದೇ. ನಮ್ಮ ದೊಡ್ಡಪೇಟೆ, ಚಿಕ್ಕಪೇಟೆಗಳನ್ನು ಕೆಂಪೇಗೌಡರು ನೇಗಿಲ ಗೆರೆಯಲ್ಲಿ ಗುರುತು ಹಾಕಿಸಿದರು ಅನ್ನುವ ಕಥೆಯಿದೆಯಲ್ಲ, ಇಲ್ಲಿ ಬೀದಿ ಎಳೆದ ರೀತಿ ಮಾತ್ರ ತದ್ವಿರುದ್ಧ. 1590ರಲ್ಲಿ ಇಯೆಯಾಸು ಪೂರ್ವಕ್ಕೆ ಹೋದ ಮೇಲೆ ಬಂದ ಸಾಮಂತ ತನಾಕಾ ಯೊಶಿಮಾಸಾ ಹೆದ್ದಾರಿಯನ್ನು ಬೇಕೆಂದೇ ಊರೊಳಗೆ ತಿರುಚಿ ತಿರುಚಿ ಹಾಯಿಸಿದ. ಅದಕ್ಕೆ ಇಪ್ಪತ್ತೇಳು ತಿರುವು ಅಂತಲೇ ಹೆಸರು. ಶತ್ರು ನೇರವಾಗಿ ಕೋಟೆಗೆ ನುಗ್ಗಬಾರದು, ದಾರಿಹೋಕ ಸಾವಕಾಶವಾಗಿ ಅಂಗಡಿಗಳ ಮುಂದೆ ಹಾದುಹೋಗಬೇಕು. ಎಂಥ ವ್ಯಾಪಾರಬುದ್ಧಿ ನೋಡಿ. ಇಂಥ ಬೀದಿಗಳಿಗೆ ಇಪ್ಪತ್ತನೇ ಶತಮಾನದಲ್ಲಿ ಕಾರು ಬಂತು. ಅದೂ ಎಲ್ಲಿಗೆ? ಉತ್ತರದ ಗಡಿಗೆ ಅಂಟಿಕೊಂಡೇ ಟೊಯೊಟಾ ನಗರ, ಊರೊಳಗೇ 1977ರಿಂದ ಮಿತ್ಸುಬಿಷಿಯ ಕಾರ್ಖಾನೆ. ಇಲ್ಲಿ ಕಾರು ಇಲ್ಲದವರನ್ನು ಹುಡುಕಬೇಕು.

ನನ್ನ ಗಂಡ ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದಾರೆ. ಬಂದ ಹೊಸದರಲ್ಲಿ ಒಂದು ಹಳೇ ಕಾರು ನೋಡಿದೆವು. ಬೆಲೆ ಒಪ್ಪಿಗೆ, ಹಣ ಸಿದ್ಧ. ಮಾರುವವನು ಕೈಗೆ ಕೀಲಿ ಕೊಡುವ ಬದಲು ಒಂದು ಖಾಲಿ ಹಾಳೆ ಕೊಟ್ಟ. ಕಾರನ್ನು ಎಲ್ಲಿ ಇಡುತ್ತೀರಿ ಅನ್ನುವುದನ್ನು ಅದರ ಮೇಲೆ ನಕ್ಷೆ ಬರೆದು ತೋರಿಸಬೇಕು! ಮನೆ ಎಲ್ಲಿ, ಕಾರಿನ ಜಾಗ ಎಲ್ಲಿ, ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಎದುರಿನ ರಸ್ತೆ ಎಷ್ಟು ಅಗಲ. ಗಂಡ ಟೇಪು ಹಿಡಿದು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ ಅಳೆದೆವು. ಜಾಗದ ಯಜಮಾನರ ಒಪ್ಪಿಗೆ ಪತ್ರ ಸೇರಿಸಿ ಪೊಲೀಸ್ ಠಾಣೆಗೆ ಕೊಟ್ಟೆವು. ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. ಪ್ರಮಾಣಪತ್ರ ಬಂದ ಮೇಲೇ ಕಾರಿನ ನೋಂದಣಿ. 1962ರ ಕಾನೂನು ಇದು. ರಸ್ತೆಯನ್ನು ಕಾರಿನ ಕೊಟ್ಟಿಗೆ ಮಾಡಿಕೊಳ್ಳುವ ಹಾಗಿಲ್ಲ ಅನ್ನುವುದು ಅದರ ಸಾರ. ಹನ್ನೆರಡು ಗಂಟೆ, ರಾತ್ರಿಯಾದರೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಕಡೆ ರಸ್ತೆಯಲ್ಲಿ ಬಿಟ್ಟರೆ ಅಪರಾಧ. ಅಪ್ಪನ ಚೇತಕ್ ನೆನಪಾಗಿ ನಗು ಬಂತು.

1962ರಲ್ಲಿ ಜಪಾನಿನಲ್ಲಿ ಮನೆಮನೆಗೆ ಕಾರು ಇರಲಿಲ್ಲ ಅನ್ನುವುದನ್ನು ಗಮನಿಸಿ. ಕೊಟ್ಟಿಗೆ ಕಟ್ಟಿದ ಮೇಲೆ ಎಮ್ಮೆ ತಂದರು. ನಾವು ಎಮ್ಮೆಗಳನ್ನೆಲ್ಲ ತಂದು ಬೀದಿಯಲ್ಲಿ ಕಟ್ಟಿ, ಈಗ ಬೀದಿಗೆ ಸೆನ್ಸರ್ ಹಾಕಿದರೆ ಕೊಟ್ಟಿಗೆಯಾಗುತ್ತದೆಯೇ ಅಂತ ಕೇಳುತ್ತಿದ್ದೇವೆ.

ಸೆನ್ಸರಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಇಲ್ಲಿನ ಸಣ್ಣ ಪಾರ್ಕಿಂಗ್ ಜಾಗಗಳಲ್ಲಿ ಆಳು ಇರುವುದಿಲ್ಲ. ಐದಾರು ಕಾರು ಹಿಡಿಯುವ ಒಂದು ನಿವೇಶನ, ಹಳದಿ ಹಲಗೆ, ಹಣದ ಯಂತ್ರ, ಅಷ್ಟೇ. ಡಾಂಬರಿನ ಕೆಳಗೆ ತಂತಿಯ ಸುರುಳಿ ಹೂತಿರುತ್ತಾರೆ. ಮೇಲೆ ಕಬ್ಬಿಣದ ರಾಶಿ ಬಂದು ನಿಂತರೆ ಅದರ ಕಾಂತಕ್ಷೇತ್ರ ಬದಲಾಗಿ ಯಂತ್ರಕ್ಕೆ ಗೊತ್ತಾಗುತ್ತದೆ. ಕೆಲವು ನಿಮಿಷ ಕಾದು, ಚಕ್ರಗಳ ನಡುವೆ ಒಂದು ಲೋಹದ ತಟ್ಟೆ ಮೆಲ್ಲಗೆ ಎದ್ದು ನಿಲ್ಲುತ್ತದೆ. ದುಡ್ಡು ಕಟ್ಟುವ ತನಕ ಅದು ಮಲಗುವುದಿಲ್ಲ. ಹೊಸ ಕಡೆಗಳಲ್ಲಿ ತಟ್ಟೆಯೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಹೋಗುವಾಗ ನಿಮ್ಮ ನಂಬರ್ ಒತ್ತಿ ಹಣ ಕೊಡುವುದು. ಎಲ್ಲಿ ಜಾಗ ಖಾಲಿ ಅನ್ನುವ ಸುದ್ದಿ ಬಾಗಿಲ ಫಲಕಕ್ಕೂ ಕಾರಿನೊಳಗಿನ ನಕ್ಷೆಗೂ ಫೋನಿಗೂ ಹೋಗುತ್ತದೆ. ರಸ್ತೆಯ ಸ್ಥಿತಿಗತಿಯ ಜೊತೆ ಪಾರ್ಕಿಂಗ್ ಸುದ್ದಿಯನ್ನೂ ಕಾರಿನ ಪರದೆಗೆ ಕಳಿಸುವ ವ್ಯವಸ್ಥೆ ಇವರಲ್ಲಿ 1996ರಲ್ಲೇ ಶುರುವಾಯಿತು.

ಆ ಬಾಗಿಲ ಫಲಕದ ಮುಂದೆ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಭರ್ತಿಯಾಗಿದ್ದರೆ ಕೆಂಪು ಅಕ್ಷರ, ಖಾಲಿ ಇದ್ದರೆ ಹಸಿರು ಅಕ್ಷರ. ಖಾಲಿ ಅನ್ನಲು ಅವರು ಬರೆಯುವ ಲಿಪಿ ಆಕಾಶಕ್ಕೂ ಅದೇ. ನಮ್ಮ ವಚನಕಾರರ 'ಬಯಲು' ಇದ್ದ ಹಾಗೆ! ಅಲ್ಲಮಪ್ರಭು ಪಾರ್ಕಿಂಗ್ ಲಾಟ್ ಬಾಗಿಲಲ್ಲಿ ಸಿಗುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಪಕ್ಕದ ಟೊಯೊಟಾ ಕಾರ್ಖಾನೆಯಲ್ಲಿ ಕೆಲಸದ ಸಾಲಿನ ಮೇಲೆ ದೀಪದ ಹಲಗೆ ತೂಗುಹಾಕಿರುತ್ತಾರೆ. ಎಲ್ಲಾದರೂ ತೊಡಕಾದರೆ ಆಳು ಹಗ್ಗ ಎಳೆಯುತ್ತಾನೆ, ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೆ 'ಅಂದೋನ್' ಅನ್ನುತ್ತಾರೆ, ಮೂಲದಲ್ಲಿ ಕಾಗದದ ಲಾಂದ್ರ. ಪಾರ್ಕಿಂಗ್ ಫಲಕವೂ ಅದೇ ಬುದ್ಧಿಯ ಸಂತಾನ. ಇರುವ ಸ್ಥಿತಿಯನ್ನು ಮುಚ್ಚಿಡದೆ ಎಲ್ಲರ ಕಣ್ಣಿಗೆ ಬೀಳುವಂತೆ ಹೇಳುವುದು.

ಎಲ್ಲ ಸರಾಗ ಅಂತಲ್ಲ. 2024ರ ಜುಲೈನಲ್ಲಿ ಇಲ್ಲಿ ಹೊಸ ನೋಟು ಬಂತು. ಒಂದು ರಾತ್ರಿ ಹತ್ತು ಗಂಟೆಗೆ ಒಂದು ಪಾರ್ಕಿಂಗ್‌ನಲ್ಲಿ ನಾನು ಹೊಸ ಸಾವಿರದ ನೋಟು ತೂರಿಸಿದರೆ ಯಂತ್ರ ನಾಲಿಗೆ ಚಾಚಿದಂತೆ ವಾಪಸು ತಳ್ಳಿತು. ಹತ್ತು ಸಾವಿರದ ನೋಟಂತೂ ಅದು ಮೊದಲಿಂದಲೂ ಮುಟ್ಟದು. ತಟ್ಟೆ ಎದ್ದು ನಿಂತಿದೆ, ಮಗು ಹಿಂದೆ ಅಳುತ್ತಿದೆ. ಎದುರಿನ ಅಂಗಡಿಗೆ ಓಡಿ, ಬೇಡದ ಅನ್ನದ ಉಂಡೆ ಕೊಂಡು ಚಿಲ್ಲರೆ ಮಾಡಿಸಿದೆ. ಆ ಹೊತ್ತಿಗೆ ನಮ್ಮೂರಿನ ಪಾರ್ಕಿಂಗ್ ಹುಡುಗ, "ಪರವಾಗಿಲ್ಲ ಅಕ್ಕ, ನಾಳೆ ಕೊಡಿ" ಅನ್ನುವವನು, ದೇವರ ಹಾಗೆ ಕಂಡ. ಇನ್ನೂ ತಮಾಷೆಯೆಂದರೆ, ನಿಮ್ಮೆಲ್ಲರ ಗಲ್ಲಾ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್ ಹುಟ್ಟಿದ್ದು ಇದೇ ಸೀಮೆಯಲ್ಲಿ. ಹತ್ತಿರದ ಕಾರಿಯಾ ಊರಿನ ಡೆನ್ಸೊ ಕಂಪನಿಯಲ್ಲಿ ಹಾರಾ ಮಾಸಾಹಿರೊ ಅನ್ನುವವರ ತಂಡ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಎಳನೀರಿನ ಗಾಡಿಯಲ್ಲೂ ಅದನ್ನು ತೂಗುಹಾಕಿದ್ದು ನಾವು. ಹುಟ್ಟಿದ ಸೀಮೆಯಲ್ಲಿ ನಾನು ಚಿಲ್ಲರೆಗೆ ಪರದಾಡಿದೆ.

ಈಗ ನಿಮಗೆ ನಿಜಕ್ಕೂ ಹೇಳಬೇಕಾದ ಕಥೆಗೆ ಬರುತ್ತೇನೆ, ಏಕೆಂದರೆ ಇದು ಅಂಗಡಿಯವರ ಕಥೆ.

ಒಕಾಜಾಕಿಯ ಕೋಟೆ ಪಕ್ಕದ ಕೋಸೇ ಅನ್ನುವ ಭಾಗ ಇಲ್ಲಿನ ಚಿಕ್ಕಪೇಟೆ. ಹಬ್ಬಕ್ಕೆ ಬಟ್ಟೆ ಬೇಕೆಂದರೆ ಸುತ್ತಲಿನ ಊರವರೆಲ್ಲ ಅಲ್ಲಿಗೇ ಬರುತ್ತಿದ್ದರಂತೆ. ಕಾರುಗಳು ಹೆಚ್ಚಿದಂತೆ ಅಂಗಡಿಯವರದು ಒಂದೇ ಹಾಡು: ನಿಲ್ಲಿಸಲು ಜಾಗ ಕೊಡಿ, ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ. ಜಾಗ ಬಂತು. ಪಾರ್ಕಿನ ಕೆಳಗೆ ನೆಲಮಾಳಿಗೆಯಲ್ಲಿ, ಮಹಡಿಗಳ ಮೇಲೆ, ಕೆಡವಿದ ಹಳೇ ಮನೆಗಳ ಖಾಲಿ ನಿವೇಶನಗಳಲ್ಲಿ. ಅಷ್ಟರಲ್ಲಿ ಊರಾಚೆ ದೊಡ್ಡ ಮಾಲ್ ಬಂತು, ಸಾವಿರಾರು ಕಾರಿಗೆ ಬಿಟ್ಟಿ ಜಾಗದ ಸಮೇತ. ಪೇಟೆಯ ಮಧ್ಯೆ ಮೆರೆದಿದ್ದ ಮಾತ್ಸುಜಕಾಯಾ ಅನ್ನುವ ದೊಡ್ಡ ಅಂಗಡಿ 2010ರಲ್ಲಿ ಬಾಗಿಲು ಹಾಕಿತು. ಇಂಥ ಬೀದಿಗಳಿಗೆ ಜಪಾನಿಗಳು 'ಹಲ್ಲುದುರಿದ ಊರು' ಅನ್ನುತ್ತಾರೆ. ಒಂದು ಅಂಗಡಿ, ಪಕ್ಕದಲ್ಲಿ ಪಾರ್ಕಿಂಗ್, ಮತ್ತೊಂದು ಮುಚ್ಚಿದ ಶಟರ್, ಮತ್ತೆ ಪಾರ್ಕಿಂಗ್. ನಿಲ್ಲಿಸಲು ಬೇಕಾದಷ್ಟು ಜಾಗ, ನಿಲ್ಲಿಸಿದ ಮೇಲೆ ಹೋಗಲು ಜಾಗವೇ ಇಲ್ಲ. ಬಿಟ್ಟಿ ಪಾರ್ಕಿಂಗ್‌ನಲ್ಲಿ ಮಾಲ್ ಜೊತೆ ಪಂದ್ಯ ಕಟ್ಟಿದ ಪೇಟೆ ಗೆಲ್ಲುವುದಿಲ್ಲ ಅನ್ನುವುದು ಈ ಬೊಚ್ಚುಬಾಯಿಯ ಬೀದಿಗಳಲ್ಲಿ ನಡೆದಾಗಲೆಲ್ಲ ನನಗೆ ಅನಿಸುತ್ತದೆ. ನಮ್ಮ ಓಣಿಗಳಲ್ಲೂ ಕಂಬದ ಹಜಾರದ ಹಳೇ ಮನೆ ಕೆಡವಿ ಗಾಡಿ ನಿಲ್ಲಿಸಲು ಬಾಡಿಗೆಗೆ ಬಿಟ್ಟಿರುವುದನ್ನು ನೋಡಿದ್ದೇನೆ.

ಆಮೇಲೆ ನಗರಸಭೆ ಬೇರೆ ದಾರಿ ಹಿಡಿಯಿತು. ರೈಲು ನಿಲ್ದಾಣ, ನದಿತೀರ, ಕೋಟೆಯ ಉದ್ಯಾನ, 2008ರಲ್ಲಿ ತೆರೆದ ದೊಡ್ಡ ಗ್ರಂಥಾಲಯ, ಕಾಗೋದಾ ಪಾರ್ಕ್, ಇವನ್ನೆಲ್ಲ ನಡೆದು ಸುತ್ತುವಂತೆ ಜೋಡಿಸುವ ಯೋಜನೆ. ಆ ಸುತ್ತು ಇಂಗ್ಲಿಷಿನ ಕ್ಯೂ ಅಕ್ಷರದಂತೆ ಕಾಣುತ್ತದೆ, ಕೋಟೆಯ ಹಳೆಯ ಹೊರಆವರಣದ ಮೇಲೇ ಹಾದುಹೋಗುತ್ತದೆ. ಅದಕ್ಕೆ 'ಕುರುವಾ' ಅಂತ ಹೆಸರಿಟ್ಟರು, ಕೋಟೆಯ ಆವರಣ ಅಂತ ಅರ್ಥ. ಒತೊಗಾವಾ ನದಿಗೆ 2020ರಲ್ಲಿ ಒಂದು ಸೇತುವೆ ಬಂತು, ಮೇಲೆಲ್ಲ ಇಲ್ಲಿನದೇ ಹಿನೋಕಿ ಮರದ ಹಲಗೆ. ಅದರ ಮೇಲೆ ಕಾರಿಗೆ ಪ್ರವೇಶವಿಲ್ಲ! ಕಾರಿನ ಜಿಲ್ಲೆಯಲ್ಲಿ, ಕಾರಿನ ತೆರಿಗೆ ತಿನ್ನುವ ಊರಲ್ಲಿ, ಕಾರಿಲ್ಲದ ಸೇತುವೆ. ಕಾಗೋದಾ ಪಾರ್ಕನ್ನು 2019ರಲ್ಲಿ ಹೊಸದಾಗಿ ಮಾಡಿದರು. ಭಾನುವಾರ ಹೋದರೆ ಮೇಲೆ ಹುಲ್ಲಿನಲ್ಲಿ, ನೀರಿನ ಬುಗ್ಗೆಯಲ್ಲಿ ಮಕ್ಕಳ ಗದ್ದಲ, ಕೆಳಗೆ ನೆಲಮಾಳಿಗೆಯಲ್ಲಿ ಅವರ ಅಪ್ಪಂದಿರ ಕಾರುಗಳು ಸದ್ದಿಲ್ಲದೆ ಸಾಲಾಗಿ ನಿಂತಿರುತ್ತವೆ. ಮೇಲೆ ಆಡುವ ಮಗುವಿಗೆ ತನ್ನ ಕಾಲ ಕೆಳಗೆ ಕಾರುಗಳಿವೆ ಅನ್ನುವುದೇ ಗೊತ್ತಿರುವುದಿಲ್ಲ.

ಈ ನದಿತೀರದ ಭಾಗ ಜಪಾನ್ ಸರ್ಕಾರದ ಸ್ಮಾರ್ಟ್ ಸಿಟಿ ಪಟ್ಟಿಯಲ್ಲೂ ಇದೆ. ಇಲ್ಲಿನ ಕ್ಯಾಮೆರಾ, ಸೆನ್ಸರುಗಳು ಕಾರಿಗಿಂತ ಮುಖ್ಯವಾಗಿ ಲೆಕ್ಕ ಹಾಕುವುದು ಮನುಷ್ಯರನ್ನು. ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ನಡೆದರು, ಆಗಸ್ಟಿನ ಬಾಣಬಿರುಸಿನ ಹಬ್ಬದಲ್ಲಿ ಎಲ್ಲಿ ನೂಕುನುಗ್ಗಲು ಕಟ್ಟಿಕೊಳ್ಳುತ್ತಿದೆ. ಕಾರು ಅಂಗಡಿಗೆ ಬಂದು ಏನನ್ನೂ ಕೊಳ್ಳುವುದಿಲ್ಲ ತಾನೇ, ಕೊಳ್ಳುವುದು ಅದರಿಂದ ಇಳಿದವರು.

ಇನ್ನು ನಮ್ಮ ಊರು. ವಾಹನಗಳ ಸಂಖ್ಯೆ ಕೋಟಿ ದಾಟಿದೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಬಿಬಿಎಂಪಿ 2020ರ ಹೊತ್ತಿಗೆ ಕಸ್ತೂರ್ಬಾ ರಸ್ತೆ ಮೊದಲಾದ ಕಡೆ ಸೆನ್ಸರು, ಆ್ಯಪಿನ ಸ್ಮಾರ್ಟ್ ಪಾರ್ಕಿಂಗ್ ತಂದಿತು, ದುಬಾರಿ ರಸ್ತೆಗಳಲ್ಲಿ ಆಗ ಕಾರಿಗೆ ಗಂಟೆಗೆ 30 ರೂಪಾಯಿ ಇತ್ತು. ಅಗಲವಾದ ರಸ್ತೆ, ಸಾಲಾಗಿ ನಿಲ್ಲುವ ಕಾರುಗಳು, ಅಲ್ಲಿಗೆ ಅದು ಹೊಂದುತ್ತದೆ. ಆದರೆ ಒಂದು ಕಾರಿನ ಗೆರೆಯೊಳಗೆ ಅಡ್ಡಡ್ಡ, ಓರೆಯಾಗಿ, ಒಂದರ ಬಾಲಕ್ಕೆ ಒಂದು ಸಿಕ್ಕಿಸಿದ ಏಳೆಂಟು ಸ್ಕೂಟರ್ ನಿಲ್ಲುವ ನಮ್ಮ ಪೇಟೆಗೆ ಅದೇ ಸೆನ್ಸರ್ ತಂದು ಹೂತರೆ ಅದಕ್ಕೆ ತಲೆ ಕೆಡುತ್ತದೆ. ನಮಗೆ ಬೇಕಾದ ತಂತ್ರಜ್ಞಾನ ರಸ್ತೆಯ ಕೆಳಗಿಲ್ಲ, ಪೇಟೆಯ ಬಾಗಿಲಲ್ಲಿದೆ.

ಬಾಗಿಲು ಅಂದರೆ ಫ್ರೀಡಂ ಪಾರ್ಕ್. ಹಳೇ ಸೆಂಟ್ರಲ್ ಜೈಲಿನ ಪಕ್ಕ 556 ಕಾರು, 445 ದ್ವಿಚಕ್ರ ವಾಹನ ಹಿಡಿಯುವ ಬಹುಮಹಡಿ ಕಟ್ಟಡ. ಕಟ್ಟಿ ಮುಗಿದ ಮೇಲೂ ನಡೆಸುವವರು ಸಿಗದೆ ಬೀಗ ಬಿದ್ದು, ಕಡೆಗೆ ತೆರೆದದ್ದು 2024ರ ಜೂನ್‌ನಲ್ಲಿ. ಕೈದಿಗಳನ್ನು ಬಿಟ್ಟರೂ ಪಾರ್ಕಿಂಗನ್ನು ಬಿಡಲು ಇಷ್ಟು ವರ್ಷ ಬೇಕಾಯಿತು ಅಂತ ತಮ್ಮ ಹಾಸ್ಯ ಮಾಡುತ್ತಾನೆ. ಕೆ.ಆರ್. ಮಾರುಕಟ್ಟೆಯ ತಳದಲ್ಲೂ ಜಾಗವಿದೆ. 2017ರ ಜೂನ್‌ನಿಂದ ಚಿಕ್ಕಪೇಟೆಯ ಹೊಟ್ಟೆಯೊಳಗೇ ಮೆಟ್ರೊ ನಿಲ್ದಾಣವಿದೆ, ಮೆಜೆಸ್ಟಿಕ್‌ನಿಂದ ಒಂದೇ ಸ್ಟಾಪು. ಇಷ್ಟೆಲ್ಲ ಇದ್ದೂ ಮದುವೆ ಸೀರೆಗೆ ಬಂದ ಕುಟುಂಬ ಇನೋವಾದಲ್ಲಿ ಬಳೇಪೇಟೆ ವೃತ್ತವನ್ನು ಮೂರು ಸುತ್ತು ಹಾಕುತ್ತದೆ. ಯಾಕೆಂದರೆ ಎಲ್ಲಿ ಹಸಿರು ದೀಪ ಉರಿಯುತ್ತಿದೆ ಅಂತ ಅವರಿಗೆ ಹೇಳುವವರಿಲ್ಲ, ಮತ್ತೆ ಅಲ್ಲಿ ನಿಲ್ಲಿಸಿದರೆ ಸೀರೆಯಂಗಡಿಗೆ ಕೂಗಳತೆ ದೂರವೂ ಅಲ್ಲ.

ನಾನು ಕೇಳುವುದು ಹೆಚ್ಚಿಲ್ಲ. ಜಪಾನಿನ ಪೇಟೆಗಳಲ್ಲಿ ಒಂದು ಸಣ್ಣ ಪದ್ಧತಿ ಇದೆ. ಅಂಗಡಿಯಲ್ಲಿ ಇಷ್ಟು ಮೊತ್ತದ ಸಾಮಾನು ಕೊಂಡರೆ ಗಲ್ಲಾದಲ್ಲಿ ಪಾರ್ಕಿಂಗ್ ಚೀಟಿ ಕೊಡುತ್ತಾರೆ. ಅದನ್ನು ಯಂತ್ರಕ್ಕೆ ತೂರಿಸಿದರೆ ಒಂದು ಗಂಟೆಯ ಹಣ ಮಾಫಿ. ಹಣ ಕೊಡುವುದು ಅಂಗಡಿಯವರು, ಹಲವು ಕಡೆ ಇಡೀ ಬೀದಿಯ ಸಂಘವೇ ಒಟ್ಟಾಗಿ. ಚಿಕ್ಕಪೇಟೆಯಲ್ಲಿ ಸೀರೆ ನೋಡಲು ಕೂತವರಿಗೆ ಕಾಫಿ, ಜ್ಯೂಸು, ಬಟ್ಟೆ ಚೀಲ ಕೊಡುವವರು ನೀವು. ಎರಡು ಗಂಟೆಯ ಪಾರ್ಕಿಂಗ್ ನಿಮಗೆ ಭಾರವೇ? ಬಿಲ್ಲಿನ ಕೊನೆಯಲ್ಲಿ ಒಂದು ಕ್ಯೂಆರ್ ಮುದ್ರಿಸಿದರೆ ಸಾಕು. ಹೊರಗೆ ಹೋಗುವಾಗ ಕಟ್ಟಡದ ಯಂತ್ರ ಅದನ್ನು ಓದಿಕೊಂಡು ಲೆಕ್ಕವನ್ನು ನಿಮ್ಮ ಸಂಘದ ಖಾತೆಗೆ ಹಾಕುತ್ತದೆ. ಎಷ್ಟು ಗಿರಾಕಿ ಗಾಡಿಯಲ್ಲಿ ಬಂದರು, ಎಷ್ಟು ಹೊತ್ತು ಪೇಟೆಯಲ್ಲಿದ್ದರು ಅನ್ನುವ ಲೆಕ್ಕ ಪುಕ್ಕಟೆಯಾಗಿ ನಿಮ್ಮ ಕೈಗೆ ಬರುತ್ತದೆ. ಪಾಲಿಕೆ ಮುಂದೆ ನಿಂತು, "ಈ ಕಟ್ಟಡದಿಂದ ನಮ್ಮ ಬೀದಿಗೆ ಹತ್ತು ನಿಮಿಷಕ್ಕೊಂದು ಸಣ್ಣ ಗಾಡಿ ಓಡಿಸಿ" ಅಂತ ಕೇಳಲು ಇದಕ್ಕಿಂತ ಗಟ್ಟಿ ಕಾಗದ ಬೇಕೇ? ಗಾಡಿಗೆ ಅಂಗಡಿಗಳ ಜಾಹೀರಾತು ಅಂಟಿಸಿಕೊಳ್ಳಿ, ಬೇಡ ಅನ್ನುವವರಾರು.

ಮಾಲಿನ ಗಾಡಿಗಳಿಗೆ ಬೆಳಿಗ್ಗೆ ಹತ್ತರೊಳಗೆ ಹೊತ್ತು ಕಟ್ಟಿಕೊಳ್ಳಿ. ಇಲ್ಲಿ ಕೊರಿಯರಿನವರು ದೂರದಲ್ಲಿ ಗಾಡಿ ನಿಲ್ಲಿಸಿ ತಳ್ಳುಗಾಡಿಯಲ್ಲಿ ಅಂಗಡಿ ಅಂಗಡಿಗೆ ಓಡುತ್ತಾರೆ. ನಮ್ಮ ಪೇಟೆಯ ಹಮಾಲರಿಗೆ ಆ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ರಸ್ತೆಯಲ್ಲಿ ದರ ಕಟ್ಟುವ ವಿಚಾರ ಬಂದಾಗ ಸಿಡಿಮಿಡಿಗೊಳ್ಳಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಬಿಟ್ಟಿ ನಿಲುಗಡೆ ನಿಲ್ಲಬೇಕು ಅಂತ 2021ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪಾರ್ಕಿಂಗ್ ನೀತಿಯೇ ಹೇಳುತ್ತದೆ. ಅಮೆರಿಕದಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಮೇಷ್ಟರು ಇದ್ದರು, 2025ರಲ್ಲಿ ತೀರಿಕೊಂಡರು. ಜೀವಮಾನವೆಲ್ಲ ಬಿಟ್ಟಿ ಪಾರ್ಕಿಂಗ್ ಎಷ್ಟು ದುಬಾರಿ ಅಂತ ಬರೆದವರು. ಪ್ರತಿ ಬೀದಿಯಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು ದರ ಇಡಿ ಅನ್ನುವುದು ಅವರ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊದವರು 2011ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜಾಗಗಳಿಗೆ ಸೆನ್ಸರ್ ಹಾಕಿ ಹಾಗೇ ಮಾಡಿ ನೋಡಿದರು. ತುಂಬಿದ ಕಡೆ ದರ ಏರಿತು, ಖಾಲಿ ಕಡೆ ಇಳಿಯಿತು, ಸರಾಸರಿ ತೆಗೆದರೆ ತುಸು ಕಡಿಮೆಯೇ ಆಯಿತು. ಚೌಕಾಶಿ ಕಲಿತವರಿಗೆ ಇದರಲ್ಲಿ ಹೊಸದೇನಿದೆ? ಸೀಸನ್‌ನಲ್ಲಿ ಒಂದು ರೇಟು, ಆಷಾಢದಲ್ಲಿ ಒಂದು ರೇಟು.

ಆದರೆ ಆ ಒಂದೆರಡು ಜಾಗ ಖಾಲಿ ಆಗಬೇಕಾದರೆ ಯಾರದ್ದಾದರೂ ಗಾಡಿ ಏಳಬೇಕಲ್ಲ. ಹೋದ ಸಲ ಊರಿಗೆ ಬಂದಾಗ ಒಂದು ದಿನ ಅಂಗಡಿ ಮೆಟ್ಟಿಲ ಮೇಲೆ ಕೂತು ನೋಡಿದೆ. ಬೆಳಿಗ್ಗೆ ಹತ್ತಕ್ಕೆ ನಿಂತ ಗಾಡಿಗಳೇ ಸಂಜೆ ಆರಕ್ಕೂ. ನಂಬರ್ ನೋಡದೆ ಯಾರದ್ದು ಅಂತ ಹೇಳಬಲ್ಲೆ. ನೀಲಿ ಆ್ಯಕ್ಟಿವಾ ಪ್ಲಾಸ್ಟಿಕ್ ಅಂಗಡಿ ಮಾಮನದು, ಸೀಟು ಹರಿದ ಸ್ಪ್ಲೆಂಡರ್ ಬೈಂಡಿಂಗ್‌ನವರದು, ಹೊಸ ಎಲೆಕ್ಟ್ರಿಕ್ ಸ್ಕೂಟರ್ ಶೇಟುಗಳ ಮಗನದು. ಚೇತಕ್ ಇದ್ದ ಜಾಗದಲ್ಲಿ ನನ್ನ ತಮ್ಮನ ಬುಲೆಟ್ಟು. ಸ್ಟೂಲು ಮಾತ್ರ ಅದೇ.

ಈ ಕಾಗದ ಕಳಿಸುವ ಮೊದಲು ತಮ್ಮನಿಗೆ ಫೋನು ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಚೀಟಿಯ ವಿಚಾರ ಹಿಡಿಸಿತು, ಸಂಘದಲ್ಲಿ ಮಾತಾಡುತ್ತೀನಿ ಅಂದ. ಬುಲೆಟ್ಟು ಯಾವಾಗ ತೆಗೀತೀಯೋ ಅಂದೆ.

"ತೆಗೀತೀನಿ ಕಣಕ್ಕ. ಮೊದಲು ಎದುರುಗಡೆಯವರು ತೆಗೀಲಿ."

ಎದುರುಗಡೆಯ ಅಣ್ಣಾ, ಈ ಕಾಗದ ನಿಮ್ಮ ಕೈಗೂ ಬಂದಿರಬೇಕು. ದೀಪಾವಳಿಗೆ ಬರುತ್ತಿದ್ದೇನೆ, ಅಂಗಡಿ ಪೂಜೆಗೆ. ಗಾಡಿ ಫ್ರೀಡಂ ಪಾರ್ಕಿನಲ್ಲಿ ಬಿಟ್ಟು ನಡೆದುಕೊಂಡೇ ಬರುತ್ತೇನೆ. ಒಬ್ಬಟ್ಟು ಎತ್ತಿಟ್ಟಿರಿ.

ಇಂತಿ ನಿಮ್ಮ ಪೇಟೆಯ ಹುಡುಗಿ